ಬೆಳ್ಳಿತೆರೆಯ ನೀಲಿ ಗಿಣಿ

ಸಾಹಸದ ಕಥೆಯೆಂದರೆ ಯಾರಿಗೆ ತಾನೆ ಪ್ರಿಯವಲ್ಲ? ದುರ್ಗಮವಾದ ಅರಣ್ಯ, ಎಡೆಬಿಡದೆ ಬೆನ್ನಟ್ಟುವ ಕಳ್ಳರು, ಕೂದಲೆಳೆಯಷ್ಟರಲ್ಲಿ ತಪ್ಪುವ ಅಪಾಯ ಇವೆಲ್ಲ ನೋಡುವವರ ಎದೆಬಡಿತವನ್ನು ಹೆಚ್ಚಿಸುತ್ತವೆ. ಅಂತಹ ಕಥೆಯ ನಾಯಕನು ಮನುಷ್ಯನಾಗಿರದೆ, ಜಗತ್ತಿನಲ್ಲಿಯೇ ಅತಿ ವಿರಳವಾದ ಒಂದು ಪಕ್ಷಿಯಾಗಿದ್ದರೆ ಕುತೂಹಲವು ಇಮ್ಮಡಿಸುತ್ತದೆ. 2011ರಲ್ಲಿ ತೆರೆಕಂಡ ‘ರಿಯೋ’ ಅಂತಹದೊಂದು ಅನಿಮೇಷನ್ ಚಿತ್ರ. ಅದರ ನಿರ್ದೇಶಕನಾದ ಕಾರ್ಲೋಸ್ ಸಾಲ್ಡಾನ್ಯಾ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ಹುಟ್ಟಿದವನು.

ಚಿತ್ರದ ನಾಯಕ ಬ್ಲೂ ಎಂಬ ನೀಲಿ ಮಕಾವ್ ಗಿಣಿ. ಮರಿಯಾಗಿದ್ದಾಗಲೇ ಕಳ್ಳಸಾಗಣೆಗಾರರ ಕೈಗೆ ಸಿಕ್ಕ ಅದು ಅಮೆರಿಕದ ಮಿನೆಸೋಟ ಪ್ರಾಂತವನ್ನು ಸೇರುತ್ತದೆ. ಅಲ್ಲಿ ಲಿಂಡಾ ಎಂಬ ಬಾಲಕಿ ಅದನ್ನು ಅಕ್ಕರೆಯಿಂದ ಸಾಕುತ್ತಾಳೆ. ಮನೆಯ ಸುಖದಲ್ಲಿ ಬೆಳೆದ ಬ್ಲೂ ಹಾರುವುದನ್ನೇ ಕಲಿಯುವುದಿಲ್ಲ. ತನ್ನ ಸಂಕುಲದ ಕೊನೆಯ ಗಂಡು ಅದೇ ಎಂದು ತಿಳಿದಾಗ, ಜ್ಯುವೆಲ್ ಎಂಬ ಹೆಣ್ಣು ಗಿಣಿಯೊಡನೆ ಕೂಡಿಸಲು ಅದನ್ನು ರಿಯೋ ನಗರಕ್ಕೆ ಕರೆತರುತ್ತಾರೆ. ಅಲ್ಲಿ ಕಳ್ಳರು ಎರಡನ್ನೂ ಅಪಹರಿಸಿ, ಕಾಲುಗಳನ್ನು ಒಂದೇ ಸರಪಳಿಯಿಂದ ಬಿಗಿಯುತ್ತಾರೆ. ಒಂದಕ್ಕೆ ಹಾರಲು ಬಾರದು. ಇನ್ನೊಂದಕ್ಕೆ ಹಾರದೆ ಇರಲಾಗದು. ಈ ವಿಚಿತ್ರ ಬಂಧನದಿಂದಲೇ ಕಥೆಯ ಸಾಹಸಗಳೆಲ್ಲವೂ ಹುಟ್ಟುತ್ತವೆ. ಕಟ್ಟಕಡೆಗೆ, ರೆಕ್ಕೆಗೆ ಪೆಟ್ಟಾಗಿ ವಿಮಾನದಿಂದ ಕೆಳಕ್ಕೆ ಬೀಳುತ್ತಿದ್ದ ಜ್ಯುವೆಲ್ಲಳನ್ನು ಉಳಿಸಲು ಬ್ಲೂ ಧುಮುಕುತ್ತದೆ. ಆಗ ಅದರ ರೆಕ್ಕೆಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಈ ಕಥೆ ಕೇವಲ ಕಲ್ಪನೆಯೆ? ಅಲ್ಲ. ಬ್ಲೂವಿಗೆ ಮಾದರಿಯಾದುದು ಸ್ಪಿಕ್ಸ್ ಮಕಾವ್ ಎಂಬ ನಿಜವಾದ ಪಕ್ಷಿ. ಸುಮಾರು 55 ಸೆಂಟಿಮೀಟರ್ ಉದ್ದದ ಈ ಗಿಣಿಯ ಮೈಯೆಲ್ಲ ನೀಲಿ, ತಲೆಯು ಬೂದುಮಿಶ್ರಿತ ತಿಳಿನೀಲಿ. 1819ರಲ್ಲಿ ಜರ್ಮನಿಯ ನಿಸರ್ಗ ವಿಜ್ಞಾನಿ ಯೋಹಾನ್ ಬ್ಯಾಪ್ಟಿಸ್ಟ್ ಫಾನ್ ಸ್ಪಿಕ್ಸ್ ಬ್ರೆಜಿಲ್ಲಿನ ಸಾವೊ ಫ್ರಾನ್ಸಿಸ್ಕೊ ನದಿಯ ದಡದಲ್ಲಿ ಇದನ್ನು ಸಂಗ್ರಹಿಸಿದನು. ಮುಂದೆ ಅವನ ಹೆಸರೇ ಪಕ್ಷಿಗೆ ನಿಂತಿತು.

ಚಿತ್ರದಲ್ಲಿ ರಿಯೋ ನಗರದ ಸುತ್ತಣ ಹಚ್ಚಹಸುರಿನ ಕಾಡು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತದೆ. ಆದರೆ ಈ ಗಿಣಿಯ ನಿಜವಾದ ನೆಲೆಯು ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಈಶಾನ್ಯ ಬ್ರೆಜಿಲ್ಲಿನಲ್ಲಿದೆ. ಕಾಟಿಂಗ ಎಂದು ಕರೆಯಲಾಗುವ ಆ ಪ್ರದೇಶ ಮಳೆ ಕಡಮೆಯಿರುವ, ಮುಳ್ಳುಗಿಡಗಳೂ ಕಳ್ಳಿಗಳೂ ತುಂಬಿದ ಕುರುಚಲು ಕಾಡು. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳ ದಂಡೆಯಲ್ಲಿ ಕರೈಬೇರ ಎಂಬ ಎತ್ತರದ ಮರಗಳು ಬೆಳೆಯುತ್ತವೆ. ಅವುಗಳ ಪೊಟರೆಗಳಲ್ಲಿ ಈ ಗಿಣಿಗಳು ಮೊಟ್ಟೆಯಿಡುತ್ತಿದ್ದವು. ಜನರು ಆ ಮರಗಳನ್ನು ಕಡಿದರು. ಹೊಸ ಸಸಿಗಳನ್ನು ಮೇಕೆಗಳು ಮೇದವು. ವಿರಳವಾದಷ್ಟೂ ಪಕ್ಷಿಯ ಬೆಲೆಯು ಏರಿತು. ಬೆಲೆಯು ಏರಿದಷ್ಟೂ ಬೇಟೆಗಾರರು ಹೆಚ್ಚಿದರು.

1990ರಲ್ಲಿ ಸಂಶೋಧಕರು ಹುಡುಕಿದಾಗ ಕಾಡಿನಲ್ಲಿ ಕಂಡುಬಂದುದು ಒಂದೇ ಒಂದು ಗಂಡು. ಜೊತೆಯಿಲ್ಲದ ಅದು ಬೇರೆ ಜಾತಿಯ ಹೆಣ್ಣು ಮಕಾವ್ ಒಂದರ ಸ್ನೇಹ ಬೆಳೆಸಿತ್ತು. ಅವೆರಡೂ ಜೊತೆಯಾಗಿ ಹಾರಿದವು, ಗೂಡನ್ನೂ ಮಾಡಿದವು, ಆದರೆ ಮರಿಗಳಾಗಲಿಲ್ಲ. 1995ರಲ್ಲಿ ಅದರದೇ ಜಾತಿಯ ಒಂದು ಹೆಣ್ಣನ್ನು ಪಂಜರದಿಂದ ತಂದು ಬಿಟ್ಟರು. ಎರಡು ತಿಂಗಳು ತುಂಬುವ ಮೊದಲೇ ಅದು ಕಣ್ಮರೆಯಾಯಿತು. 2000ದ ಅಕ್ಟೋಬರಿನ ಬಳಿಕ ಆ ಒಂಟಿ ಗಂಡೂ ಕಾಣಿಸಲಿಲ್ಲ.

ಅಚ್ಚರಿಯೆಂದರೆ, ಬ್ಲೂವಿನಂತಹ ಪಕ್ಷಿಯೊಂದು ನಿಜವಾಗಿಯೂ ಇತ್ತು. 2002ರಲ್ಲಿ ಅಮೆರಿಕದ ಕೊಲರಾಡೋ ಪ್ರಾಂತದ ಮನೆಯೊಂದರಲ್ಲಿ ಪ್ರೆಸ್ಲಿ ಎಂಬ ಸ್ಪಿಕ್ಸ್ ಮಕಾವ್ ಪತ್ತೆಯಾಯಿತು. ಅದೇ ವರ್ಷ ಅದನ್ನು ತಾಯ್ನಾಡಿಗೆ ಮರಳಿಸಿದರು. ಆದರೆ ಸಂತಾನವನ್ನು ಪಡೆಯದೆಯೇ 2014ರಲ್ಲಿ ಅದು ತೀರಿಕೊಂಡಿತು. ಚಲನಚಿತ್ರದ ಸುಖಾಂತ್ಯವು ಅದರ ಪಾಲಿಗೆ ಬರಲಿಲ್ಲ.

ಆದರೂ ಮನುಷ್ಯನು ಕೈಚೆಲ್ಲಿ ಕೂರಲಿಲ್ಲ. ಪಂಜರಗಳಲ್ಲಿ ಉಳಿದಿದ್ದ ಕೆಲವೇ ಗಿಣಿಗಳಿಂದ ಸಂತತಿಯನ್ನು ಬೆಳೆಸಲಾಯಿತು. 2020ರಲ್ಲಿ 52 ಗಿಣಿಗಳು ಜರ್ಮನಿಯಿಂದ ಬ್ರೆಜಿಲ್ಲಿನ ಕುರಾಸಾ ಎಂಬ ಊರಿಗೆ ಬಂದವು. ಪಂಜರದಲ್ಲಿ ಹುಟ್ಟಿದ ಅವುಗಳಿಗೆ ಕಾಡಿನ ಆಹಾರವಾಗಲಿ ಶತ್ರುಗಳಾಗಲಿ ತಿಳಿಯದು. ಆದುದರಿಂದ ಕಾಡನ್ನು ಬಲ್ಲ ಬೇರೆ ಜಾತಿಯ ಮಕಾವ್‌ಗಳನ್ನು ಅವುಗಳಿಗೆ ಜೊತೆಗಾರರನ್ನಾಗಿ ಮಾಡಿದರು. ಹಿಂದೆ ಆ ಒಂಟಿ ಗಂಡಿನ ಸಂಗಾತಿಯಾಗಿದ್ದುದೂ ಇದೇ ಜಾತಿಯ ಹಕ್ಕಿ! 2022ರ ಜೂನ್ ತಿಂಗಳಿನಲ್ಲಿ 8 ನೀಲಿ ಗಿಣಿಗಳು, ಡಿಸೆಂಬರಿನಲ್ಲಿ ಮತ್ತೆ 12 ಗಿಣಿಗಳು ತಮ್ಮ ಪೂರ್ವಜರ ಆಗಸಕ್ಕೆ ಹಾರಿದವು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. 2025ರಲ್ಲಿ ಕಾಡಿನಲ್ಲಿದ್ದ ಹಕ್ಕಿಗಳಿಗೆ ವೈರಸ್ ಸೋಂಕು ತಗುಲಿರುವುದು ತಿಳಿದು, ಅವುಗಳನ್ನು ಮರಳಿ ಹಿಡಿಯಬೇಕಾಯಿತು. ಒಂದು ಮರವನ್ನು ಕಡಿಯಲು ಗಳಿಗೆ ಸಾಕು. ಗೂಡನ್ನು ಬರಿದು ಮಾಡಲು ಒಂದು ಕೈ ಸಾಕು. ಕಳೆದುಕೊಂಡುದನ್ನು ಮತ್ತೆ ಪಡೆಯಲು ಮಾತ್ರ ಹತ್ತಾರು ವರ್ಷಗಳ ದುಡಿಮೆಯೂ ಸಾಲದಾಗುತ್ತದೆ. ತೆರೆಯ ಮೇಲಿನ ಸಾಹಸವು ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಕಾಟಿಂಗದ ಒಣ ಹಳ್ಳಗಳ ದಂಡೆಯಲ್ಲಿ ನಡೆಯುವ ಸಾಹಸಕ್ಕೆ ತಾಳ್ಮೆಯೇ ಆಯುಧ, ಕಾಲವೇ ಪರೀಕ್ಷಕ.

ಅಭ್ಯಾಸ

1. ಬ್ಲೂ ಹಾರಲು ಕಲಿಯದಿರಲು ಕಾರಣವೇನು?
2. ಚಿತ್ರದಲ್ಲಿ ತೋರಿಸಿದ ಕಾಡಿಗೂ ಸ್ಪಿಕ್ಸ್ ಮಕಾವ್ ಗಿಣಿಯ ನಿಜವಾದ ನೆಲೆಗೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
3. ಕಾಡಿಗೆ ಬಿಟ್ಟ ಗಿಣಿಗಳಿಗೆ ಬೇರೆ ಜಾತಿಯ ಜೊತೆಗಾರರು ಏಕೆ ಬೇಕಾದರು?
4. ‘ವಿರಳವಾದಷ್ಟೂ ಪಕ್ಷಿಯ ಬೆಲೆಯು ಏರಿತು’ – ಈ ಮಾತನ್ನು ವಿವರಿಸಿರಿ.