ದಪ್ಪ ಮೀನಖಂಡ, ಸೋಲುವ ಕಾಲು: ಮಗನ ಸ್ನಾಯುವಿನ ಉರಿಯೂತ ತಗ್ಗಿಸಲು ಏನು ಮಾಡಬೇಕು?

ನಮ್ಮ ತಾಲೂಕಿನ ಹ್ಯಾಂಡ್‌ಪೋಸ್ಟ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸು ನಿಂತಾಗ ಐದಾರು ವರ್ಷದ ಹುಡುಗರು ಹತ್ತುವ ರೀತಿಯನ್ನು ಗಮನಿಸಿದರೂ ಒಮ್ಮೊಮ್ಮೆ ಒಂದು ಕಾಯಿಲೆಯ ಸುಳಿವು ಸಿಗುತ್ತದೆ. ಬೇರೆ ಮಕ್ಕಳು ಚಂಗನೆ ಹತ್ತಿದರೆ ಒಬ್ಬ ಮಾತ್ರ ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ನೆಲದಿಂದ ಏಳುವಾಗ ಮಂಡಿಗೆ, ಆಮೇಲೆ ತೊಡೆಗೆ ಕೈಯೂರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಾನೆ. ಓಡಿದರೆ ಬೀಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ. ಮೀನಖಂಡ ಮಾತ್ರ ಗರಡಿಯಲ್ಲಿ ಸಾಮು ಮಾಡಿದವನಂತೆ ದಪ್ಪ. 'ಕಾಲು ಗಟ್ಟಿಯಾಗೇ ಇದೆ, ಬರೀ ಸೋಮಾರಿತನ' ಎಂದು ಮನೆಯವರು ಗದರುತ್ತಾರೆ.

ಆ ದಪ್ಪ ಬಲದ ಗುರುತಲ್ಲ. ಸ್ನಾಯು ಸತ್ತ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಂಡಿರುತ್ತದೆ. ಇದು ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇರಬಹುದು. ಡಿಎಂಡಿ ಎಂದು ಕರೆಯುವ ಈ ವಂಶವಾಹಿ ಕಾಯಿಲೆ ಹೆಚ್ಚುಕಡಿಮೆ 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಸ್ನಾಯುಕೋಶದ ಹೊರಪೊರೆಗೆ ಆಧಾರ. ಇವರಲ್ಲಿ ಅದು ತಯಾರಾಗುವುದೇ ಇಲ್ಲ. ಹಾಗಾಗಿ ಪ್ರತಿ ಹೆಜ್ಜೆಗೂ ಪೊರೆ ಅಲ್ಲಲ್ಲಿ ಹರಿದು, ಕ್ಯಾಲ್ಸಿಯಂ ಒಳನುಗ್ಗಿ ಕೋಶ ಸಾಯುತ್ತದೆ.

ಉರಿಯೂತ ಶುರುವಾಗುವುದು ಇಲ್ಲಿಂದ. ಆರೋಗ್ಯವಂತರ ಸ್ನಾಯುವಿಗೆ ಪೆಟ್ಟಾದಾಗಲೂ ಬಿಳಿರಕ್ತಕಣಗಳು ಬರುತ್ತವೆ. ಮೊದಲ ತಂಡ ಕಸ ಗುಡಿಸುತ್ತದೆ, ಎರಡನೆಯದು ರಿಪೇರಿ ಮಾಡುತ್ತದೆ, ಕೆಲವು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಡಿಎಂಡಿಯಲ್ಲಿ ಒಂದು ಗಾಯ ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಗುಡಿಸುವವರೂ ಕಟ್ಟುವವರೂ ಒಟ್ಟಿಗೇ ನುಗ್ಗಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ. ಉರಿಯೂತವನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಸಂಕೇತ ಹಸುಗೂಸಿನ ಸ್ನಾಯುವಿನಲ್ಲೇ, ಅಂದರೆ ಮಗು ಎಡವಲು ತೊಡಗುವ ಎಷ್ಟೋ ಮೊದಲೇ, ಎಚ್ಚರವಾಗಿರುತ್ತದೆ. ಮೂಲದೋಷ ಇರುವುದು ಜೀನ್‌ನಲ್ಲೇ, ನಿಜ. ಅದನ್ನು ಪೂರ್ತಿ ಸರಿಪಡಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಆದರೆ ಅದರ ಬೆನ್ನಿಗೆ ಬರುವ ಈ ಉರಿಯನ್ನು ತಗ್ಗಿಸುವುದು ನಮ್ಮ ತಾಲೂಕಿನ ಕುಟುಂಬಕ್ಕೂ ಸಾಧ್ಯ.

ಮೊದಲು ಮಾಡಬೇಕಾದ್ದು ಸಿಪಿಕೆ ಎಂಬ ಸರಳ ರಕ್ತಪರೀಕ್ಷೆ. ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿರುವ ಅಂಕಿ ಈ ಮಕ್ಕಳಲ್ಲಿ ಹತ್ತು ಸಾವಿರ ದಾಟುವುದುಂಟು. ಒಂದೂವರೆ ವರ್ಷವಾದರೂ ನಡೆಯದ ಗಂಡುಮಗುವಿಗೂ ಇದನ್ನು ಮಾಡಿಸಬೇಕು. ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡದ ಮುಂದೆ ಮಗುವನ್ನು ನೆಲದ ಮೇಲೆ ಕೂರಿಸಿ ಎದ್ದು ತೋರಿಸಲು ಹೇಳಿ.

ಇಲ್ಲೊಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಜ್ವರಕ್ಕೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಲಿವರ್ ತೊಂದರೆಯ ಸೂಚಕವೆನ್ನುವ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಿರುತ್ತದೆ. ಅವು ಸ್ನಾಯುವಿನಿಂದಲೂ ಸೋರುತ್ತವೆ ಎಂಬುದು ಹೊಳೆಯದೆ, ಮಗುವಿಗೆ ಕಾಮಾಲೆಯ ಪಥ್ಯ, ನಾಟಿ ಔಷಧ, ಲಿವರ್ ಟಾನಿಕ್ ನಡೆಯುತ್ತವೆ. ಹೀಗೆ ಒಂದೆರಡು ವರ್ಷವೇ ಕಳೆದುಹೋಗಬಹುದು. ಕಣ್ಣು ಹಳದಿಯಾಗದೆ ಈ ಎರಡು ಅಂಕಿಗಳಷ್ಟೇ ಏರಿದ್ದರೆ 'ಸಿಪಿಕೆ ನೋಡೋಣವೇ ಡಾಕ್ಟ್ರೇ?' ಎಂದು ಕೇಳಲು ಸಂಕೋಚ ಬೇಡ.

ಸಿಪಿಕೆ ಏರಿದ್ದರೆ ಮುಂದಿನದು ಜೀನ್ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸ್ನಾಯು ರೋಗಗಳ ತಜ್ಞರಿದ್ದಾರೆ. ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ, ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿ ಕೆಲಸ ಮಾಡುತ್ತಿವೆ. ದೋಷ ಯಾವ ಜೀನ್‌ನಲ್ಲಿದೆಯೆಂದು ಗೊತ್ತಾಗುವ ಮೊದಲೇ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಮಾತ್ರೆ ಶುರು ಮಾಡಬಾರದು. ಡಿಸ್ಫರ್ಲಿನ್ ಎಂಬ ಇನ್ನೊಂದು ಪ್ರೋಟೀನ್‌ನ ಕೊರತೆಯ ಸ್ನಾಯುರೋಗದ ಬಯಾಪ್ಸಿಯಲ್ಲೂ ಉರಿಯೂತವೇ ಕಾಣುತ್ತದೆ. ಅದನ್ನು ಬೇರೆ ರೋಗವೆಂದು ತಿಳಿದು ಸ್ಟಿರಾಯ್ಡ್ ಕೊಟ್ಟವರಿದ್ದಾರೆ, ಅದರಿಂದ ಪ್ರಯೋಜನವಾಗಲಿಲ್ಲ. ಸೋದರಮಾವ, ಅತ್ತೆಮಗನ ಜೊತೆಗಿನ ಮದುವೆಯಿಂದ ಹೆಚ್ಚುವುದು ಡಿಸ್ಫರ್ಲಿನ್‌ನಂಥ, ತಂದೆತಾಯಿ ಇಬ್ಬರ ಕಡೆಯಿಂದಲೂ ಬರುವ ರೋಗಗಳು. ಡಿಎಂಡಿಗೂ ಸಂಬಂಧದ ಮದುವೆಗೂ ನಂಟಿಲ್ಲ. ದೋಷ ತಾಯಿಯ ಎಕ್ಸ್ ವರ್ಣತಂತುವಿನಲ್ಲಿ ಬರಬಹುದು, ಆದರೆ ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಅದು ಹೊಸದಾಗಿ ಹುಟ್ಟಿದ್ದು. ಸೊಸೆಯನ್ನು ದೂರುವ ಮನೆಯವರಿಗೆ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಮುಂದಿನ ಮಗುವಿನ ಯೋಚನೆಯಿದ್ದರೆ ತಾಯಿಯ ಪರೀಕ್ಷೆ ಬಸಿರಿಗೆ ಮುಂಚೆಯೇ ಆಗಲಿ.

ಡಿಎಂಡಿ ಖಚಿತವಾದ ಮೇಲೆ ಲಸಿಕೆ ಕಾರ್ಡ್ ತೆಗೆದು ನೋಡಿ. ಸ್ಟಿರಾಯ್ಡ್ ಶುರುವಾದ ಮೇಲೆ ಜೀವಂತ ವೈರಾಣುವಿನ ಲಸಿಕೆಗಳನ್ನು ಹಾಕಿಸುವುದು ಕಷ್ಟ. ದಡಾರ-ರುಬೆಲ್ಲಾದ ಎರಡೂ ಡೋಸ್ ಆಗಿರಲಿ. ಸರ್ಕಾರಿ ಪಟ್ಟಿಯಲ್ಲಿಲ್ಲದ ಸೀತಾಳೆ ಸಿಡುಬಿನ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಆಮೇಲೆ ಮಾತ್ರೆ. ಪ್ರೆಡ್ನಿಸೊಲೋನ್ ದಿನಕ್ಕೆ ಕೆ.ಜಿ.ಗೆ 0.75 ಮಿ.ಗ್ರಾಂ ಅಥವಾ ಡೆಫ್ಲಜಾಕಾರ್ಟ್ 0.9 ಮಿ.ಗ್ರಾಂ, ಇದು ತಜ್ಞರು ಶುರುವಿಗೆ ಬರೆಯುವ ಅಳತೆ. ನಡಿಗೆ ಕುಸಿಯುವ ಮುನ್ನ, ನಾಲ್ಕೈದು ವರ್ಷದ ಸುಮಾರಿಗೆ, ಶುರು ಮಾಡಿದರೆ ಮಗು ನಡೆಯುವ ಅವಧಿ ಸರಾಸರಿ ಎರಡು ಮೂರು ವರ್ಷ ಹೆಚ್ಚುತ್ತದೆ. ಉಸಿರಾಟದ ಬಲವೂ ಹೆಚ್ಚು ಕಾಲ ಉಳಿಯುತ್ತದೆ. ಹತ್ತು ದಿನ ಕೊಟ್ಟು ಹತ್ತು ದಿನ ಬಿಡುವುದಕ್ಕಿಂತ ದಿನಾ ಕೊಡುವುದೇ ಮೇಲು ಎಂದು 2022ರಲ್ಲಿ ಪ್ರಕಟವಾದ ಫಾರ್-ಡಿಎಂಡಿ ಪ್ರಯೋಗ ತೋರಿಸಿತು. ಹೊಸ ಔಷಧಗಳ ಪೈಕಿ ಅಮೆರಿಕದಲ್ಲಿ 2023ರಲ್ಲಿ ವಾಮೊರೊಲೋನ್‌ಗೆ, 2024ರಲ್ಲಿ ಗಿವಿನೋಸ್ಟಾಟ್‌ಗೆ ಒಪ್ಪಿಗೆ ಸಿಕ್ಕಿದೆ. ಅವುಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ನಿಲುಕದು. ಹಳೆಯ ಮಾತ್ರೆಗಳು ಮಾತ್ರ ಯಾವುದೇ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತವೆ.

ಸ್ಟಿರಾಯ್ಡ್ ಎಂದರೆ ಜನರಿಗಿರುವ ಭಯ ಸುಳ್ಳಲ್ಲ. ತೂಕ ಏರುತ್ತದೆ, ಎತ್ತರ ಕುಂಠಿತವಾಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿನ ಪೊರೆ ಬರಬಹುದು. ಅದಕ್ಕೆಂದೇ ಬೇಕರಿ ತಿಂಡಿ, ಉಪ್ಪು ಕಡಿಮೆಯಿರಲಿ. ರಾಗಿ, ಹಾಲು, ಬೆಳಗಿನ ಬಿಸಿಲು, ವೈದ್ಯರು ಹೇಳಿದಷ್ಟು ವಿಟಮಿನ್ ಡಿ ಇರಲಿ. ವರ್ಷಕ್ಕೊಮ್ಮೆ ಕಣ್ಣು ಮತ್ತು ಬೆನ್ನುಮೂಳೆಯ ತಪಾಸಣೆ, ಹೃದಯದ ಎಕೋ ಆಗಲಿ. ಆದರೆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ. ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಜೀವಕ್ಕೇ ಕುತ್ತು ಬರಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಆಸ್ಪತ್ರೆಗೆ ಹೋಗಲು ಪುರುಸೊತ್ತಿರುವುದಿಲ್ಲ. ಒಂದು ತಿಂಗಳ ಮಾತ್ರೆ ಮೊದಲೇ ತಂದಿಟ್ಟುಕೊಳ್ಳಿ. ಮಗು ವಾಂತಿ ಮಾಡಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ.

ಶಾಲೆಯಲ್ಲಿ ಮೇಷ್ಟ್ರಿಗೂ ತಿಳಿಸಿ: ಈ ಹುಡುಗನಿಗೆ ಬಸ್ಕಿಯ ಶಿಕ್ಷೆ ಬೇಡ. ಬಸ್ಕಿ, ಮೆಟ್ಟಿಲಿಳಿಯುವುದು, ಎತ್ತರದಿಂದ ಜಿಗಿಯುವುದು ಸ್ನಾಯುವಿನ ಪೊರೆಯನ್ನು ಹೆಚ್ಚು ಹರಿಯುತ್ತವೆ, ಉರಿಯೂತಕ್ಕೆ ಹೊಸ ಸೌದೆ ಒಡ್ಡುತ್ತವೆ. ನಡಿಗೆ, ಆಟ, ದೊಡ್ಡವರ ಜೊತೆ ನೀರಿನಲ್ಲಿ ಈಜು ಒಳ್ಳೆಯದು. ಹಿಮ್ಮಡಿಯ ಸ್ನಾಯುರಜ್ಜು ಬಿಗಿಯದಂತೆ ಪಾದವನ್ನು ಮೇಲಕ್ಕೆ ಮಡಿಚಿ ಹಿಡಿಯುವುದನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ಕಲಿಸಿದರೆ ತಾಯಿಯೋ ಅಜ್ಜಿಯೋ ದಿನಾ ಮಾಡಿಸಬಹುದು.

2016ರ ವಿಕಲಚೇತನರ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಸೇರಿದೆ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡ್, ಪಿಂಚಣಿ, ಬಸ್ ಪಾಸ್‌ಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೇ ಅರ್ಜಿ ಬರೆಸುತ್ತಾರೆ.

ಕೊನೆಗೊಂದು ಚಿಕ್ಕ ಕೆಲಸ. ಒಂದು ರಟ್ಟಿನ ಮೇಲೆ ಮಗುವಿನ ಹೆಸರು, 'ಡಿಎಂಡಿ ಇದೆ, ದಿನಾ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಾನೆ, ಅರಿವಳಿಕೆಗೆ ಸಕ್ಸಿನೈಲ್‌ಕೋಲಿನ್ ಮತ್ತು ಹಾಲೋಥೇನ್ ಥರದ ಅನಿಲ ಕೊಡಬಾರದು' ಎಂದು ವೈದ್ಯರಿಂದ ಬರೆಸಿ, ಪ್ಲಾಸ್ಟಿಕ್ ಹಾಕಿಸಿ, ಶಾಲೆಯ ಚೀಲದಲ್ಲಿ ಇಡಿ. ಕೈ ಮುರಿದು ರಾತ್ರೋರಾತ್ರಿ ಯಾವುದೋ ಆಸ್ಪತ್ರೆಗೆ ಓಡುವಾಗ ಫೈಲು ಮನೆಯಲ್ಲೇ ಉಳಿದಿರುತ್ತದೆ.