ಮನಗೂಳಿಯ ಶಾಸನ ಮತ್ತು ಜೆ. ಎಫ್. ಫ್ಲೀಟ್: ಪರದೇಶಿ ಓದಿನ ಸಾಧನೆ ಹಾಗೂ ಮಿತಿ

೧. ಪೀಠಿಕೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಬ್ರಿಟಿಷ್ ಅಧಿಕಾರಿಗಳು ಇಲ್ಲಿಯ ಊರು, ಗುಡಿ, ಕಲ್ಲು, ಹಾಡುಗಳನ್ನು ಬೆರಗಿನಿಂದಲೂ ಲೆಕ್ಕಾಚಾರದಿಂದಲೂ ನೋಡಿದರು. ಹಾಗೆ ನೋಡುವ ಅಭ್ಯಾಸವನ್ನು ಅವರು ತಮ್ಮ ದೇಶದಿಂದಲೇ ತಂದಿದ್ದರು. 1586ರಲ್ಲಿ ಪ್ರಕಟವಾದ ವಿಲಿಯಂ ಕ್ಯಾಮ್ಡನ್‌ನ ‘ಬ್ರಿಟಾನಿಯ’ದಿಂದ ಮೊದಲ್ಗೊಂಡು ಇಂಗ್ಲೆಂಡಿನಲ್ಲಿ ಸೀಮೆ ಸೀಮೆಯ ಪ್ರಾಚೀನ ಅವಶೇಷಗಳನ್ನು ದಾಖಲಿಸುವ ಪರಂಪರೆಯೊಂದು ಬೆಳೆದಿತ್ತು. 1823ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಯಲ್ ಏಷ್ಯಾಟಿಕ್ ಸೊಸೈಟಿ ಆ ದೃಷ್ಟಿಯನ್ನು ಪೂರ್ವದೇಶಗಳಿಗೆ ಹಾಯಿಸಿತು. ದಕ್ಷಿಣ ಮರಾಠಾ ಸೀಮೆಯಲ್ಲಿದ್ದ ವಾಲ್ಟರ್ ಎಲಿಯಟ್ ಶಾಸನಗಳ ಪ್ರತಿಗಳನ್ನು ಮಾಡಿಸಿ, 1837ರಲ್ಲಿ ಅವುಗಳ ಆಧಾರದಿಂದ ಬರೆದ ಪ್ರಬಂಧವು ಈ ಪರಂಪರೆಯ ಆರಂಭದ ಫಲಗಳಲ್ಲೊಂದು.

ಈ ಸಾಲಿನಲ್ಲಿ ಜಾನ್ ಫೇಯ್ತ್‌ಫುಲ್ ಫ್ಲೀಟ್ (1847–1917) ಅವರದು ದೊಡ್ಡ ಹೆಸರು. ವಿಜಯಪುರ ಮತ್ತು ಬಸವನ ಬಾಗೇವಾಡಿಗಳ ನಡುವಣ ಮನಗೂಳಿಯ ಶಾಸನಗಳನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವರು ಅವರೇ. ಆ ಶಾಸನವನ್ನು ಅವರು ಓದಿದ ಬಗೆ, ಅದರಿಂದ ಹುಟ್ಟಿದ ಪ್ರಶ್ನೆ ಮತ್ತು ಆ ಪ್ರಶ್ನೆ ಕನ್ನಡ ಸಂಶೋಧನೆಗೆ ಕಲಿಸಿದ ಪಾಠ ಈ ಲೇಖನದ ವಿಷಯ.

೨. ಫ್ಲೀಟರ ಸಿದ್ಧತೆ

ಫ್ಲೀಟರು 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಸೇರಿದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ, ಅನಂತರ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟ್ ಆಗಿ ಕೆಲಸ ಮಾಡಿದ್ದರಿಂದ ಕನ್ನಡ ಹಳ್ಳಿಗಳ ನೇರ ಪರಿಚಯ ಅವರಿಗೆ ದೊರೆಯಿತು. 1883ರಲ್ಲಿ ಭಾರತ ಸರಕಾರದ ಶಾಸನತಜ್ಞರಾಗಿ ನೇಮಕಗೊಂಡರು. 1882ರಲ್ಲಿ ಪ್ರಕಟವಾದ, ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥವು ಚಾಲುಕ್ಯ, ರಾಷ್ಟ್ರಕೂಟ, ಕಲಚುರಿ, ಸೇವುಣರ ಕಾಲಾನುಕ್ರಮಕ್ಕೆ ಗಟ್ಟಿಯಾದ ಅಡಿಪಾಯ ಹಾಕಿತು.

ಅವರ ಆಸಕ್ತಿ ಕಲ್ಲಿಗಷ್ಟೇ ಸೀಮಿತವಾಗಿರಲಿಲ್ಲ. ಜನರ ಬಾಯಲ್ಲಿದ್ದ ಲಾವಣಿಗಳನ್ನು ಸಂಗ್ರಹಿಸಿ, 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅನುವಾದಸಹಿತ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ದಂಗೆಯನ್ನೂ, 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಪ್ರತಿಭಟಿಸಿದ ಹಲಗಲಿಯ ಬೇಡರ ಹೋರಾಟವನ್ನೂ ಹಾಡುವ ಲಾವಣಿಗಳು ಅವುಗಳಲ್ಲಿವೆ. ಆ ದಂಗೆಗಳನ್ನು ಅಡಗಿಸಿದ ಸರಕಾರದ ಅಧಿಕಾರಿಯೇ ಆ ದಂಗೆಗಳ ಹಾಡನ್ನು ಉಳಿಸಿಕೊಟ್ಟನೆಂಬುದು ಗಮನಾರ್ಹ. ಮೌಖಿಕ ಪರಂಪರೆಗೆ ಅವರು ಕಿವುಡರಾಗಿರಲಿಲ್ಲ. ಈ ಅಂಶವನ್ನು ನೆನಪಿಟ್ಟುಕೊಂಡೇ ಅವರ ಮನಗೂಳಿಯ ಓದನ್ನು ಪರಿಶೀಲಿಸಬೇಕಾಗುತ್ತದೆ.

೩. ಮನಗೂಳಿಯ ಶಾಸನ

ಮನಗೂಳಿಯ ಪ್ರಾಚೀನ ಹೆಸರು ಮಣಿಗವಳ್ಳಿ. ಇಲ್ಲಿಯ ಶಾಸನಗಳನ್ನು ಫ್ಲೀಟರು ‘ಎಪಿಗ್ರಾಫಿಯ ಇಂಡಿಕ’ದ ಐದನೆಯ ಸಂಪುಟದಲ್ಲಿ (1898–99) ಪ್ರಕಟಿಸಿದರು. ಆ ವೇಳೆಗೆ ಅವರು ಸೇವೆಯಿಂದ ನಿವೃತ್ತರಾಗಿದ್ದರು. ಇವುಗಳಲ್ಲಿ ಮುಖ್ಯವಾದುದು ಕಲಚುರಿ ಬಿಜ್ಜಳನ ಕಾಲದ, 1161ರ ಶಾಸನ. ಅದರ ಪ್ರಕಾರ ಬಸವನೆಂಬವನು ಊರಲ್ಲಿ ಕಲಿದೇವರ ಗುಡಿಯನ್ನು ಕಟ್ಟಿಸಿದನು. ಅವನು ಕಾಶ್ಯಪಗೋತ್ರದ ಚಂದಿರಾಜನ ಮಗ. ಗುಡಿಗೆ ದತ್ತಿಗಳು ಸಂದಾಗ ಮಾದಿರಾಜನೆಂಬವನು ಊರಿನ ಮಹಾಪ್ರಭುವಾಗಿದ್ದನು.

ಬಿಜ್ಜಳನ ಕಾಲ, ಬಾಗೇವಾಡಿಯ ನೆರೆಯ ಊರು, ಬಸವ ಮತ್ತು ಮಾದಿರಾಜ ಎಂಬ ಹೆಸರುಗಳು, ಶಿವಭಕ್ತಿಯ ಸಂದರ್ಭ ಇವೆಲ್ಲವೂ ಒಂದೇ ಕಲ್ಲಿನಲ್ಲಿ ಕೂಡಿಬಂದಾಗ ಓದುಗರ ಮನಸ್ಸು ಬಸವಣ್ಣನವರತ್ತ ಹರಿಯುವುದು ಸಹಜ. ಬಸವಣ್ಣನವರ ತಂದೆಯ ಹೆಸರು ಮಾದಿರಾಜನೆಂದು ಕಾವ್ಯ ಪುರಾಣಗಳು ಹೇಳುತ್ತವೆ. ಆದರೆ ಶಾಸನದ ಬಸವನ ತಂದೆ ಚಂದಿರಾಜ. ಮಾದಿರಾಜನಿಗೂ ಅವನಿಗೂ ತಂದೆ ಮಕ್ಕಳ ಸಂಬಂಧವಿಲ್ಲ. ಹೆಸರುಗಳು ಹೊಂದುತ್ತವೆ, ಸಂಬಂಧ ಹೊಂದುವುದಿಲ್ಲ. ಶಿವನ ವಾಹನದ ಹೆಸರನ್ನು ಮಕ್ಕಳಿಗಿಡುವುದು ಶೈವಭಕ್ತಿ ಬಲವಾಗಿದ್ದ ನಾಡಿನಲ್ಲಿ ಅಪರೂಪವೇನಲ್ಲ. ಹೆಸರೊಂದರಿಂದಲೇ ವ್ಯಕ್ತಿಯನ್ನು ಗುರುತಿಸಲಾಗದು ಎಂಬುದಕ್ಕೆ ಮನಗೂಳಿಯ ಕಲ್ಲು ಒಳ್ಳೆಯ ನಿದರ್ಶನ.

೪. ಅಬ್ಬಲೂರು ಮತ್ತು ಫ್ಲೀಟರ ನಿಲುವು

ಅದೇ ಸಂಪುಟದಲ್ಲಿ ಫ್ಲೀಟರು ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಶಾಸನಗಳನ್ನೂ ಪ್ರಕಟಿಸಿದರು. ಸುಮಾರು 1200ರ ಕಾಲದ ಅಲ್ಲಿಯ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ತನ್ನ ತಲೆಯನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದುದನ್ನೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟುದನ್ನೂ ವಿವರಿಸುತ್ತದೆ. ಈ ಆಧಾರದಿಂದ ಫ್ಲೀಟರು ಬಸವಣ್ಣನವರ ಪುರಾಣಕಥನದ ಚಾರಿತ್ರಿಕತೆಯನ್ನು ಶಂಕಿಸಿ, ವೀರಶೈವ ಚಳವಳಿಯ ಪ್ರಮುಖ ಸ್ಥಾನವನ್ನು ರಾಮಯ್ಯನಿಗೆ ಕೊಡುವತ್ತ ವಾಲಿದರು.

ಇಲ್ಲೊಂದು ವಿರೋಧಾಭಾಸವಿದೆ. ಅಬ್ಬಲೂರಿನ ಶಾಸನದ ಪವಾಡವು ಯಾವ ಪುರಾಣದ ಪವಾಡಕ್ಕೂ ಕಡಿಮೆಯದಲ್ಲ. ಆದರೂ ಅದು ಕಲ್ಲಿನ ಮೇಲಿದೆಯೆಂಬ ಕಾರಣಕ್ಕೆ ಪವಾಡವನ್ನು ಬದಿಗಿಟ್ಟು ವ್ಯಕ್ತಿಯನ್ನು ಒಪ್ಪಿಕೊಳ್ಳಲಾಯಿತು. ಪುರಾಣದ ವಿಷಯದಲ್ಲಿ ಪವಾಡದೊಂದಿಗೆ ವ್ಯಕ್ತಿಯೂ ಸಂಶಯಕ್ಕೆ ಗುರಿಯಾದನು. ಹೇಳಿಕೆಯ ಸ್ವರೂಪಕ್ಕಿಂತ ಅದನ್ನು ಹೊತ್ತ ಮಾಧ್ಯಮವೇ ಇಲ್ಲಿ ಪ್ರಮಾಣವಾಯಿತು.

ಹಾಗೆಂದು ಫ್ಲೀಟರನ್ನು ಪೂರ್ವಗ್ರಹಪೀಡಿತರೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಕಾಲಕ್ಕೆ ಪಾಶ್ಚಾತ್ಯ ವಿದ್ವಾಂಸರಿಗೆ ಸುಲಭವಾಗಿ ಸಿಗುತ್ತಿದ್ದುದು ಜಿ. ವುರ್ತ್ ಇಂಗ್ಲಿಷಿನಲ್ಲಿ ಸಂಗ್ರಹಿಸಿಕೊಟ್ಟ ಬಸವಪುರಾಣ ಮತ್ತು ಚನ್ನಬಸವಪುರಾಣಗಳು. ಕನ್ನಡ ಬಸವಪುರಾಣದ ಕಾಲ 1369. ಅಂದರೆ ಬಸವಣ್ಣನವರಿಗಿಂತ ಎರಡು ಶತಮಾನ ಈಚಿನದು. ಅಬ್ಬಲೂರಿನ ಶಾಸನಕ್ಕೆ ಹೆಚ್ಚುಕಡಿಮೆ ಸಮಕಾಲೀನವಾದ ಹರಿಹರನ ‘ಬಸವರಾಜದೇವರ ರಗಳೆ’ ಆಗಿನ್ನೂ ಓಲೆಗರಿಗಳಲ್ಲಿತ್ತು. ವಚನಗಳ ಕಟ್ಟುಗಳು ಮಠಗಳಲ್ಲಿ, ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಹೊರತಂದುದು 1923ರಲ್ಲಿ, ಫ್ಲೀಟರು ತೀರಿಕೊಂಡ ಆರು ವರ್ಷಗಳ ಮೇಲೆ. ಕಲ್ಲು ಬಯಲಿನಲ್ಲಿತ್ತು, ಓಲೆ ಒಳಮನೆಯಲ್ಲಿತ್ತು. ಹೊರಗಿನಿಂದ ಬಂದವರಿಗೆ ಬಯಲಿನದು ಕಂಡಿತು.

೫. ಅರ್ಜುನವಾಡದ ಉತ್ತರ

ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ ಈ ಚರ್ಚೆಯ ದಿಕ್ಕನ್ನು ಬದಲಿಸಿತು. ಸೇವುಣ ಕನ್ನರನ ಕಾಲದ, 1260ರ ಈ ಶಾಸನವು ತರ್ದವಾಡಿಯ ನಡುವಣ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನೆಂದು ಸ್ಪಷ್ಟವಾಗಿ ಹೇಳುತ್ತದೆ. ಅವನ ಅಣ್ಣ ದೇವರಾಜನನ್ನೂ ಹೆಸರಿಸುತ್ತದೆ. ಊರು, ತಂದೆ, ಮಗ ಮೂರೂ ಇಲ್ಲಿ ಕಾವ್ಯಪರಂಪರೆಯೊಡನೆ ಹೊಂದಿಕೊಂಡವು. ಫ್ಲೀಟರು ಕೇಳಿದ್ದ ಬಗೆಯ ಸಾಕ್ಷ್ಯವನ್ನೇ, ಅಂದರೆ ಕಲ್ಲಿನ ಸಾಕ್ಷ್ಯವನ್ನೇ, ಕಾಲ ಒದಗಿಸಿತು.

ಈ ಶಾಸನವೂ ಬಸವಣ್ಣನವರ ಕಾಲಕ್ಕಿಂತ ಸುಮಾರು ನೂರು ವರ್ಷ ಈಚಿನದೆಂಬುದನ್ನು ಮರೆಯುವಂತಿಲ್ಲ. ಅದು ಹರಿಹರನ ರಗಳೆಗಿಂತ ಹಳೆಯದಲ್ಲ. ಆದ್ದರಿಂದ ‘ಶಾಸನ ಸಿಕ್ಕಿತು, ಕಾವ್ಯ ನಿಜವಾಯಿತು’ ಎಂಬ ಹೇಳಿಕೆಯೂ ಫ್ಲೀಟರ ಮಾನದಂಡವನ್ನೇ ಪರೀಕ್ಷಿಸದೆ ಒಪ್ಪಿಕೊಂಡಂತೆ. ಎರಡು ಸ್ವತಂತ್ರ ಆಕರಗಳು ಒಂದೇ ಮಾತನ್ನು ಹೇಳುತ್ತವೆ ಎಂಬುದರಲ್ಲಿ ಅದರ ನಿಜವಾದ ಬಲವಿದೆ.

೬. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಸಾಕ್ಷ್ಯ ಸಿಕ್ಕಿಲ್ಲವೆಂಬುದು ವ್ಯಕ್ತಿ ಇರಲಿಲ್ಲವೆಂಬುದಕ್ಕೆ ಸಾಕ್ಷ್ಯವಲ್ಲ. ಹೆಸರಿನ ಸಾಮ್ಯವು ಸಂಶೋಧನೆಯ ಆರಂಭವಾಗಬಹುದೇ ಹೊರತು ತೀರ್ಮಾನವಾಗಲಾರದು. ಶಾಸನ ಮತ್ತು ಕಾವ್ಯ ಎರಡನ್ನೂ ಒಂದೇ ಎಚ್ಚರದಿಂದ ಓದಬೇಕು.

ಇವುಗಳ ಜೊತೆಗೆ, ಈ ವಾದವಿವಾದದಲ್ಲಿ ಮರೆಗೆ ಸರಿದುದು ಮನಗೂಳಿಯೇ. ಬಸವಣ್ಣನವರ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ನುಡಿಯಲೆಂದು ಆ ಕಲ್ಲನ್ನು ಕರೆದವರು ಅದು ತನ್ನ ಊರಿನ ಬಗ್ಗೆ ಹೇಳುವುದನ್ನು ಸಾಕಷ್ಟು ಕೇಳಲಿಲ್ಲ. ಕಲ್ಯಾಣದ ಕ್ರಾಂತಿಯ ದಿನಗಳಲ್ಲಿ, ಬಾಗೇವಾಡಿಗೆ ಹತ್ತಿರದಲ್ಲೇ, ಇನ್ನೊಬ್ಬ ಬಸವನು ಕಲಿದೇವರಿಗೆ ಗುಡಿ ಕಟ್ಟಿಸುತ್ತಿದ್ದನು. ಅದಕ್ಕೆ ದತ್ತಿಗಳು ಸಲ್ಲುತ್ತಿದ್ದವು. ಸ್ಥಾವರವನ್ನು ನಿರಾಕರಿಸಿದ ಬಸವಣ್ಣನವರ ಮಾತು ಯಾವ ಸಮಾಜವನ್ನು ಎದುರಿಸಿ ಹುಟ್ಟಿತೆಂಬುದನ್ನು ತಿಳಿಯಲು ಮನಗೂಳಿಯ ಈ ಬಸವನು, ಬೇರೆಯವನಾಗಿದ್ದುಕೊಂಡೇ, ಹೆಚ್ಚು ನೆರವಾಗಬಲ್ಲನು. ಫ್ಲೀಟರು ಓದಿಕೊಟ್ಟ ಪಾಠವನ್ನು ಆ ಪ್ರಶ್ನೆಯೊಂದಿಗೆ ಮತ್ತೆ ಓದುವ ಕೆಲಸ ಇನ್ನೂ ಉಳಿದಿದೆ.