ಹಳೆಯ ಇಸಿಜಿ ಎಸೆಯಬೇಡಿ

ಎದೆ ಹಿಂಡಿದಂತಾದರೆ ನಮ್ಮಲ್ಲಿ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’. ಆಸ್ಪತ್ರೆಗೆ ಹೋಗಿ ಬಂದ ಮೇಲಿನ ಮಾತು ‘ಇಸಿಜಿ ನಾರ್ಮಲ್ ಬಂತು, ಏನೂ ಇಲ್ವಂತೆ’. ಎರಡೂ ಜೀವಕ್ಕೆ ಎರವಾಗಬಲ್ಲ ಮಾತುಗಳು. ಸಾಮಾನ್ಯ ಇಸಿಜಿ ಸುಮಾರು ಹತ್ತು ಸೆಕೆಂಡಿನ ದಾಖಲೆ. ಅಷ್ಟು ಹೊತ್ತು ಹೃದಯದ ವಿದ್ಯುತ್ ಚಟುವಟಿಕೆ ಹೇಗಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ನಿನ್ನೆಯದರ ಪಕ್ಕದಲ್ಲಿ ಇವತ್ತಿನದನ್ನಿಟ್ಟು ನೋಡಿದಾಗ ಅದು ಹೇಳುವುದು ಹೆಚ್ಚು.

ಮೊದಲು, ಮನೆಯಲ್ಲೊಂದು ಪ್ರತಿ

ಬಿಪಿ, ಶುಗರ್, ಬೀಡಿ-ಸಿಗರೇಟಿನ ಚಟ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಆರೋಗ್ಯವಾಗಿರುವಾಗಲೇ ಒಂದು ಇಸಿಜಿ ಬೇಕೇ ಎಂದು ವೈದ್ಯರನ್ನು ಕೇಳಿ. ಕೆಲವರ ಇಸಿಜಿ ಹುಟ್ಟಿನಿಂದಲೇ ಕೊಂಚ ಬೇರೆ ಥರ ಇರುತ್ತದೆ. ಯುವಕರಲ್ಲಿ ಎಸ್‌ಟಿ ಗೆರೆ (ಮುಂದೆ ವಿವರಿಸಿದೆ) ಸ್ವಲ್ಪ ಮೇಲಿರುವುದು ಸಹಜವೂ ಆಗಿರಬಹುದು. ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದಲ್ಲಿರುವ ವೈದ್ಯರಿಗೆ ಕಾಣುತ್ತಿರುವ ವ್ಯತ್ಯಾಸ ಹಳೆಯದೋ ಹೊಸದೋ ತಿಳಿಯಬೇಕಾದರೆ ಹಳೆಯ ಕಾಗದ ಬೇಕು.

ಇಸಿಜಿ ಬಹುಪಾಲು ಥರ್ಮಲ್ ಕಾಗದದ ಮೇಲೆ ಅಚ್ಚಾಗುತ್ತದೆ. ಬಿಸಿಲು, ಸೆಕೆಗೆ ಅದು ಮಾಸುತ್ತದೆ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರಂತೂ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ನೇರವಾಗಿ, ನೆರಳು ಬೀಳದಂತೆ ಫೋಟೊ ತೆಗೆದು ಮನೆಯವರಿಗೂ ಕಳುಹಿಸಿಡಿ.

ತೆಗೆಯುವಾಗ

ಎದೆಗೆ ಆರು, ಕೈಕಾಲಿಗೆ ನಾಲ್ಕು, ಒಟ್ಟು ಹತ್ತು ಎಲೆಕ್ಟ್ರೋಡ್‌ಗಳು. ಇವುಗಳಿಂದ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡಿದಂತಾಗುತ್ತದೆ. ಒಂದೊಂದು ಕೋನವೂ ಒಂದೊಂದು ‘ಲೀಡ್’. ಎಣ್ಣೆ, ಲೋಷನ್ ಹಚ್ಚಿಕೊಂಡಿದ್ದರೆ ಒರೆಸಿಕೊಳ್ಳಿ. ಮಾತಾಡಬೇಡಿ, ಚಳಿಗೆ ನಡುಗುತ್ತಿದ್ದರೆ ಹೊದಿಕೆ ಕೇಳಿ. ಮಹಿಳೆಯರು ಪರದೆಯನ್ನೂ ಮಹಿಳಾ ಸಿಬ್ಬಂದಿಯನ್ನೂ ಸಂಕೋಚವಿಲ್ಲದೆ ಕೇಳಬೇಕು. ಮುಜುಗರದಿಂದ ಎಲೆಕ್ಟ್ರೋಡ್ ಜಾಗ ತಪ್ಪಿದರೆ ವರದಿಯೂ ದಾರಿ ತಪ್ಪುತ್ತದೆ. ಬಲಗೈ-ಎಡಗೈ ವೈರ್ ಅದಲುಬದಲಾದರೆ ಒಂದನೇ ಲೀಡ್ ತಲೆಕೆಳಗಾಗಿ, ಇಲ್ಲದ ಕಾಯಿಲೆ ಕಾಣಿಸಿಕೊಳ್ಳುವುದುಂಟು. ಕಾಗದದ ಮೇಲೆ ಹೆಸರು, ತಾರೀಖು, ಗಂಟೆ-ನಿಮಿಷ ಇವೆಯೇ ನೋಡಿಕೊಳ್ಳಿ. ಆ ಹೊತ್ತಿಗೆ ನೋವಿತ್ತೇ, ಇರಲಿಲ್ಲವೇ ಎಂಬುದನ್ನೂ ಪೆನ್ನಿನಲ್ಲಿ ಬರೆಯಿಸಿ.

ಕಾಗದ ಓದುವುದು

ಕಾಗದ ಓಡುವ ಸಾಮಾನ್ಯ ವೇಗ ಸೆಕೆಂಡಿಗೆ 25 ಮಿ.ಮೀ. ಸಣ್ಣ ಚೌಕ 0.04 ಸೆಕೆಂಡ್, ದೊಡ್ಡ ಚೌಕ 0.2 ಸೆಕೆಂಡ್. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಣಿಸಿ, 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕವಿದ್ದರೆ ನಿಮಿಷಕ್ಕೆ 75 ಬಡಿತ. ಬಡಿತ ಏರುಪೇರಾಗಿದ್ದರೆ ಹತ್ತು ಸೆಕೆಂಡಿನ ಪಟ್ಟಿಯಲ್ಲಿರುವ ಮೊನೆಗಳನ್ನು ಎಣಿಸಿ ಆರರಿಂದ ಗುಣಿಸಬೇಕು.

ಮೊದಲ ಸಣ್ಣ ಉಬ್ಬು ‘ಪಿ’, ಹೃದಯದ ಮೇಲಿನ ಕೋಣೆಗಳದು. ಚೂಪು ಮೊನೆ ‘ಕ್ಯುಆರ್‌ಎಸ್’, ಕೆಳಕೋಣೆಗಳದು. ಆಮೇಲಿನ ಉಬ್ಬು ‘ಟಿ’, ಕೆಳಕೋಣೆಗಳು ಮುಂದಿನ ಬಡಿತಕ್ಕೆ ಅಣಿಯಾಗುವ ಹೊತ್ತು. ಕ್ಯುಆರ್‌ಎಸ್‌ಗೂ ಟಿಗೂ ನಡುವಿನ ಗೆರೆಯೇ ಎಸ್‌ಟಿ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಸಾಮಾನ್ಯವಾಗಿ ಮೇಲೇಳುವುದು ಇದೇ.

ಯಂತ್ರವೇ ಮೇಲೆ ಮುದ್ರಿಸುವ ‘ಬಾರ್ಡರ್‌ಲೈನ್’, ‘ನಾನ್‌ಸ್ಪೆಸಿಫಿಕ್ ಚೇಂಜಸ್’ ಎಂಬ ಸಾಲುಗಳಿಗೆ ನಿದ್ದೆಗೆಡಬೇಡಿ. ಅದೇ ಯಂತ್ರ ‘ನಾರ್ಮಲ್’ ಎಂದು ಬರೆದಿದ್ದಕ್ಕೆ ಹಾಯಾಗಿ ಮಲಗಲೂ ಬೇಡಿ. ಓದಬೇಕಾದವರು ವೈದ್ಯರು.

ನೋವಿದ್ದಾಗ

ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲದೆ ‘ಎದೆನೋವು’ ಎಂದು ಗಟ್ಟಿಯಾಗಿ ಹೇಳಿ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ಬೆವರು, ಸುಸ್ತು ಇರಬಹುದು. ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಮೊದಲ ಇಸಿಜಿ ಸರಿ ಇದ್ದು ನೋವು ಮಾತ್ರ ನಿಂತಿಲ್ಲವೇ? ಮನೆಗೆ ಹೊರಡಬೇಡಿ. ಆರಂಭದಲ್ಲಿ ಬದಲಾವಣೆ ಕಾಣದೇ ಇರಬಹುದು. 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯುವುದು, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡುವುದು ಕ್ರಮ. ಹೃದಯದ ಹಿಂಭಾಗದ ಆಘಾತ ಮಾಮೂಲಿ ಲೀಡ್‌ಗಳಲ್ಲಿ ನೇರವಾಗಿ ಕಾಣುವುದಿಲ್ಲ, ಬೆನ್ನಿಗೆ ಎಲೆಕ್ಟ್ರೋಡ್ ಇಟ್ಟು ನೋಡಬೇಕಾಗುತ್ತದೆ. ‘ಇನ್ನೊಂದು ಇಸಿಜಿ ತೆಗೀತೀರಾ, ಡಾಕ್ಟ್ರೇ?’ ಎಂದು ಕೇಳುವುದು ಉದ್ಧಟತನವಲ್ಲ.

ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೇ ಇಸಿಜಿಯ ಮೇಲೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಆಮೇಲೆ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಇವತ್ತೇ ವಿಚಾರಿಸಿಡಿ.

ಮುಂದೇನು ಎಂಬ ಸುಳಿವು

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ 60ರಿಂದ 90 ನಿಮಿಷಕ್ಕೆ ಮತ್ತೊಂದು ಇಸಿಜಿ ತೆಗೆಯುತ್ತಾರೆ. ಎದ್ದಿದ್ದ ಎಸ್‌ಟಿ ಗೆರೆ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ರಕ್ತ ಹರಿಯತೊಡಗಿದೆ ಎಂಬ ಒಳ್ಳೆಯ ಸೂಚನೆ. ಇಳಿಯದಿದ್ದರೆ ತಡಮಾಡದೆ ಆಂಜಿಯೋಪ್ಲಾಸ್ಟಿ ಬೇಕಾಗಬಹುದು. ರೋಗಿಯ ಕಡೆಯವರು ಕೇಳಲೇಬೇಕಾದ ಪ್ರಶ್ನೆ ಇದು: ‘ಎಸ್‌ಟಿ ಇಳಿದಿದೆಯಾ?’

ದೂರದ ಭವಿಷ್ಯಕ್ಕೂ ಸುಳಿವುಗಳಿವೆ. ಚೂಪು ಮೊನೆಗೆ ಮೊದಲು ಕೆಳಗಿಳಿಯುವ ‘ಕ್ಯು’ ಅಲೆ ಆಳವಾಗಿದ್ದರೆ ಅದು ಹಿಂದೆಂದೋ ಆಗಿಹೋದ ಆಘಾತದ ಗುರುತಾಗಿರಬಹುದು. ಹೃದಯದ ಪಂಪಿಂಗ್ ಕುಗ್ಗಿದವರಲ್ಲಿ ಕ್ಯುಆರ್‌ಎಸ್ 120 ಮಿಲಿಸೆಕೆಂಡಿಗಿಂತ ಅಗಲವಾಗಿದ್ದರೆ ಅಪಾಯ ಹೆಚ್ಚು. ತೀರ ಅಗಲವಾಗಿದ್ದರೆ ವಿಶೇಷ ಪೇಸ್‌ಮೇಕರ್ ನೆರವಾದೀತು. ಕ್ಯು ಅಲೆಯಿಂದ ಟಿ ಮುಗಿಯುವವರೆಗಿನ ಅವಧಿಯನ್ನು ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ ‘ಕ್ಯುಟಿಸಿ’ 500 ಮಿಲಿಸೆಕೆಂಡ್ ದಾಟಿದರೆ ಪ್ರಾಣಾಂತಿಕ ಲಯದೋಷದ ಭಯ, ಕೆಲವು ಆಂಟಿಬಯಾಟಿಕ್ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳೂ ಇದಕ್ಕೆ ಕಾರಣವಾಗುತ್ತವೆ. ಪಿ ಅಲೆಯೇ ಇಲ್ಲದೆ ಬಡಿತ ಅಡ್ಡಾದಿಡ್ಡಿಯಾಗಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಅದರಿಂದ ಲಕ್ವ ಹೊಡೆಯುವ ಸಾಧ್ಯತೆ ಸುಮಾರು ಐದು ಪಟ್ಟು, ರಕ್ತ ತೆಳುಮಾಡುವ ಮಾತ್ರೆಯ ಬಗ್ಗೆ ವೈದ್ಯರೊಡನೆ ಮಾತಾಡಲೇಬೇಕು. ಇವು ಯಾವುವೂ ಒಂಟಿಯಾಗಿ ತೀರ್ಪಲ್ಲ. ಹೃದಯದ ಎಕೋ ಸ್ಕ್ಯಾನ್, ರಕ್ತಪರೀಕ್ಷೆ, ವಯಸ್ಸು ಎಲ್ಲ ಸೇರಬೇಕು.

ಮಕ್ಕಳು ವಿದೇಶದಿಂದ ತಂದುಕೊಟ್ಟ ಸ್ಮಾರ್ಟ್‌ವಾಚಿನ ಬಗ್ಗೆಯೂ ಒಂದು ಮಾತು. ಅದರಲ್ಲಿರುವುದು ಒಂದೇ ಲೀಡ್. ಲಯ ತಪ್ಪಿದ್ದನ್ನು ಹಿಡಿಯಲು ಅದು ಪ್ರಯೋಜನಕಾರಿ, ಆದರೆ ಹೃದಯಾಘಾತ ಪತ್ತೆಹಚ್ಚಲು ಅದನ್ನು ಮಾಡಿಲ್ಲ. ಎದೆ ಹಿಂಡುತ್ತಿರುವಾಗ ವಾಚು ನೋಡುತ್ತ ಕೂರದೆ 108ಕ್ಕೆ ಫೋನ್ ಮಾಡಿ, ಹಳೆಯ ಇಸಿಜಿ ಫೋಟೊ ಇರುವ ಮೊಬೈಲನ್ನು ಜೊತೆಗೆ ಬರುವವರ ಕೈಗೆ ಕೊಡಿ.